ಹೊಳಪು ಒಂದೇ ಕಡೆ ಇರಲಿ

ತಮ್ಮಾ,

ಹದಿನಾರರೊಳಗಿನ ಹುಡುಗರ ಜಿಲ್ಲಾ ತಂಡದ ಆಯ್ಕೆಗೆ ನಿನ್ನನ್ನೂ ಕರೆದಿದ್ದಾರಂತೆ, ನಿಮ್ಮಪ್ಪ ಫೋನಿನಲ್ಲಿ ಹೇಳಿದ. ‘ಅವನಿಗೆ ಸ್ಪೀಡ್ ಸಾಲದಂತೆ ಅಣ್ಣಾ, ಜಿಮ್ಮಿಗೆ ಹಾಕಲಾ?’ ಅಂತಲೂ ಕೇಳಿದ. ಹಾಕಲಿ ಬಿಡು, ಮೈ ಗಟ್ಟಿಯಾದರೆ ಯಾರಿಗೂ ನಷ್ಟವಿಲ್ಲ. ಆದರೆ ಪಿ.ಟಿ. ಮೇಷ್ಟ್ರಾಗಿ ಹೊಳಲ್ಕೆರೆಯ ಹುಡುಗರನ್ನು ಇಷ್ಟು ವರ್ಷ ನೋಡಿದವನು ನಾನು. ಸ್ಪೀಡಿಲ್ಲ ಅಂತ ಕೊರಗುವ ಹುಡುಗರಲ್ಲಿ ಹೆಚ್ಚಿನವರು ಕೈಯಲ್ಲಿರುವ ಚೆಂಡನ್ನು ಸರಿಯಾಗಿ ನೋಡಿಯೇ ಇರುವುದಿಲ್ಲ. ಫೀಲ್ಡರ್ ಎಸೆದ ಚೆಂಡನ್ನು ಹಿಡಿದು, ಪ್ಯಾಂಟಿಗೆ ಎರಡು ಸಲ ಒರೆಸಿ, ಯಾವ ಕಡೆ ಒರೆಸಿದೆ ಅಂತಲೂ ಗೊತ್ತಿಲ್ಲದೆ ಓಡಿಬಂದು ಹಾಕುತ್ತಾರೆ. ಚೆಂಡು ನೆಟ್ಟಗೆ ಹೋಗಿ ಬ್ಯಾಟಿಗೆ ಬೀಳುತ್ತದೆ. ಆಮೇಲೆ ಪಿಚ್ಚಿಗೆ ಬೈಗುಳ.

ದಾವಣಗೆರೆಯ ವಿನಯ್ ಕುಮಾರ್ ಅವರನ್ನು ನೆನಪಿಸಿಕೋ. 1984ರಲ್ಲಿ ಹುಟ್ಟಿದವರು. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ಹುಟ್ಟಿನ ಲೆಕ್ಕದಲ್ಲಿ ಅವರು ನಮ್ಮ ಚಿತ್ರದುರ್ಗ ಜಿಲ್ಲೆಯವರೇ ಅಂತ ನಾನು ವಾದ ಮಾಡುವುದುಂಟು. ಎದುರಿನವರನ್ನು ಬರೀ ವೇಗದಿಂದ ಹೆದರಿಸುವ ಬೌಲರ್ ಅವರಾಗಿರಲಿಲ್ಲ. ಆದರೂ ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ 504 ವಿಕೆಟ್. ಕರ್ನಾಟಕದ ನಾಯಕರಾಗಿ 2013-14, 2014-15 ಎರಡು ವರ್ಷ ಸಾಲಾಗಿ ರಣಜಿ ಟ್ರೋಫಿ ತಂದರು. ಎರಡನೆಯ ಸಲದ ಫೈನಲಿನಲ್ಲಿ, ಮುಂಬಯಿಯ ವಾಂಖೆಡೆಯಲ್ಲಿ, ತಮಿಳುನಾಡು ತಂಡ 134ಕ್ಕೆ ಉರುಳಿತು, ಅದರಲ್ಲಿ ವಿನಯ್ ಅವರದು 34 ರನ್ನಿಗೆ 5 ವಿಕೆಟ್. ಅದೇ ಪಂದ್ಯದಲ್ಲಿ ಸೆಂಚುರಿ ಬೇರೆ ಹೊಡೆದರು. 2017ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಮುಂಬಯಿ ಮೇಲೆ ಹ್ಯಾಟ್ರಿಕ್. ಇಷ್ಟನ್ನೂ ಮಾಡಿದ ಬೌಲರಿಗೆ ಸ್ಪೀಡ್ ಸಾಲದು ಅಂತ ಜನ ಕೊನೆಯ ತನಕ ಅನ್ನುತ್ತಲೇ ಇದ್ದರು. ಅನ್ನುವವರು ಅನ್ನಲಿ. ಹೊಸ ಚೆಂಡನ್ನು ಓದುವ ವಿದ್ಯೆ ಅವರಿಗಿತ್ತು. ಅದು ನಿನಗೂ ಬರಬೇಕು ಅಂತಲೇ ಈ ಪತ್ರ.

ಮೊದಲು ಒಂದು ಲೆದರ್ ಬಾಲ್ ತೆಗೆದುಕೊಂಡು ಬೆಳಕಿಗೆ ಹಿಡಿ. ಒಳಗೆ ಕಾರ್ಕ್, ಅದರ ಮೇಲೆ ಬಿಗಿಯಾಗಿ ಸುತ್ತಿದ ದಾರ, ಅದರ ಮೇಲೆ ಚರ್ಮ. ತೂಕ 155.9 ಗ್ರಾಮಿನಿಂದ 163 ಗ್ರಾಮಿನ ಒಳಗೆ, ಸುತ್ತಳತೆ 22.4ರಿಂದ 22.9 ಸೆಂಟಿಮೀಟರ್. ಚರ್ಮದ ಎರಡು ಬಟ್ಟಲುಗಳನ್ನು ನಡುವೆ ಕೂಡಿಸಿ ಆರು ಸಾಲು ಹೊಲಿಗೆ ಹಾಕಿರುತ್ತಾರೆ, ಅದೇ ಸೀಮ್. ಒಳ್ಳೆಯ ಚೆಂಡಾದರೆ ಒಂದೊಂದು ಬಟ್ಟಲೂ ಎರಡೆರಡು ತುಂಡು ಚರ್ಮದಿಂದ ಆದದ್ದು. ಆ ತುಂಡುಗಳ ಹೊಲಿಗೆ ಒಳಗಡೆ ಇರುತ್ತದೆ, ಮೇಲೆ ಒಂದು ತೆಳು ಗೆರೆ ಮಾತ್ರ ಕಾಣುತ್ತದೆ. ಹೆಬ್ಬೆರಳನ್ನು ಮೆಲ್ಲಗೆ ಆಡಿಸಿದರೆ ಆ ಗೆರೆ ಒಂದು ಕಡೆ ಕೊಂಚ ಉಬ್ಬಿರುವುದು, ಇನ್ನೊಂದು ಕಡೆ ಸಪಾಟಾಗಿರುವುದು ಕೆಲವು ಚೆಂಡುಗಳಲ್ಲಿ ಬೆರಳಿಗೇ ಹತ್ತುತ್ತದೆ. ಸಪಾಟಾದ ಕಡೆಯನ್ನು ಹೊಳಪಿಗೆ ಇಟ್ಟುಕೋ, ಉಬ್ಬಿದ ಕಡೆಯನ್ನು ಸವೆಯಲು ಬಿಡು. ಮೊದಲ ಓವರಿಗೆ ಮುಂಚೆಯೇ ಈ ತೀರ್ಮಾನ ಆಗಬೇಕು, ತಂಡದ ಹನ್ನೊಂದು ಜನಕ್ಕೂ ಅದು ಗೊತ್ತಿರಬೇಕು. ನಮ್ಮಲ್ಲಿ ಅಭ್ಯಾಸಕ್ಕೆ ಬಳಸುವ ಅಗ್ಗದ ಚೆಂಡುಗಳು ಹೆಚ್ಚಾಗಿ ಎರಡೇ ತುಂಡಿನವು, ಅವುಗಳಲ್ಲಿ ಈ ಗೆರೆಯೇ ಇಲ್ಲ. ಆಯ್ಕೆಯ ದಿನ ನಾಲ್ಕು ತುಂಡಿನದು ಕೈಗೆ ಬಂದಾಗ ಕಣ್ಣು ಕಣ್ಣು ಬಿಡಬೇಡ. ಮೀರತ್ತಿನ ಎಸ್‌ಜಿ ಚೆಂಡಿನ ಸೀಮನ್ನು ಕೈಯಲ್ಲೇ ಹೊಲಿಯುತ್ತಾರೆ, ಎದ್ದು ನಿಂತಿರುತ್ತದೆ, ಬೇಗ ಅಮರುವುದಿಲ್ಲ. ಆಸ್ಟ್ರೇಲಿಯಾದ ಕೂಕಬುರಾದಲ್ಲಿ ಹೊರಗಿನ ಸಾಲುಗಳು ಮೆಷಿನ್ ಹೊಲಿಗೆ, ಸೀಮ್ ಬೇಗ ಚಪ್ಪಟೆಯಾಗುತ್ತದೆ. ರಣಜಿಯಲ್ಲಿ ಅಷ್ಟು ವಿಕೆಟ್ ಕಿತ್ತ ವಿನಯ್ ಕುಮಾರ್ ಅವರಿಗೆ ಸಿಕ್ಕ ಒಂದೇ ಒಂದು ಟೆಸ್ಟ್ 2012ರ ಜನವರಿಯಲ್ಲಿ ಪರ್ತ್‌ನಲ್ಲಿ, ಅದೂ ಕೂಕಬುರಾ ಚೆಂಡಿನಲ್ಲಿ, ಎದುರಿಗೆ ಆಸ್ಟ್ರೇಲಿಯಾದ ವಾರ್ನರ್ 180 ಹೊಡೆಯುತ್ತಿದ್ದಾಗ. ಎಸ್‌ಜಿ ಚೆಂಡಿನಲ್ಲಿ ಬೆಳೆದವರಿಗೆ ಅಲ್ಲಿ ಅರ್ಧ ಆಯುಧ ಮನೆಯಲ್ಲೇ ಉಳಿದ ಹಾಗೆ.

ಇನ್ನು ಚೆಂಡು ಗಾಳಿಯಲ್ಲಿ ಯಾಕೆ ತಿರುಗುತ್ತದೆ ಅನ್ನುವುದು. ‘ಹೊಳೆಯುವ ಕಡೆ ಬೇಗ ಹೋಗುತ್ತೆ, ಒರಟು ಕಡೆ ನಿಧಾನ, ಅದಕ್ಕೇ ತಿರುಗುತ್ತೆ’ ಅಂತ ಎಲ್ಲರೂ ಹೇಳುತ್ತಾರೆ. ಅದು ಸರಿಯಲ್ಲ. ಒಂದೇ ಚೆಂಡು, ಅದರ ಒಂದು ಕಡೆ ಬೇಗ ಹೋಗಿ ಇನ್ನೊಂದು ಕಡೆ ಹಿಂದೆ ಉಳಿಯುವುದು ಹೇಗೆ? ಆಗುವುದು ಹೀಗೆ. ಹಾರುವ ಚೆಂಡಿನ ಮೈಗೆ ಗಾಳಿಯ ಒಂದು ತೆಳು ಪದರ ಅಂಟಿಕೊಂಡೇ ಹರಿಯುತ್ತದೆ. ಹಿಂದೆ ಎಲ್ಲಾದರೂ ಅದು ಮೈ ಬಿಡಲೇಬೇಕು. ನುಣುಪಾದ ಕಡೆ ಪದರ ಸದ್ದಿಲ್ಲದೆ ಹರಿದು ಬೇಗ ಬಿಟ್ಟುಕೊಳ್ಳುತ್ತದೆ. ಇನ್ನೊಂದು ಕಡೆ ಸೀಮಿಗೆ ಎಡವಿ ಕಲಕಿಹೋಗುತ್ತದೆ. ಕಲಕಿದ ಗಾಳಿ ಚೆಂಡನ್ನು ಹೆಚ್ಚು ಹೊತ್ತು ಹಿಡಿದುಕೊಂಡು, ಇನ್ನಷ್ಟು ಹಿಂದಿನವರೆಗೆ ಸುತ್ತಿ ಹೋಗಿ ಆಮೇಲೆ ಬಿಡುತ್ತದೆ. ಎರಡು ಕಡೆ ಬಿಡುವ ಜಾಗ ಬೇರೆ ಬೇರೆ ಆದದ್ದರಿಂದ ಚೆಂಡಿನ ಹಿಂದಿನ ಗಾಳಿ ಓರೆಯಾಗಿ ಹೋಗುತ್ತದೆ, ಚೆಂಡು ಅದರ ಎದುರು ದಿಕ್ಕಿಗೆ ಸರಿಯುತ್ತದೆ. ಅಂದರೆ ಸೀಮ್ ಮುಖ ಮಾಡಿದ ಕಡೆಗೆ. ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಬೀಂದ್ರ ಮೆಹ್ತಾ ಎಂಬ ವಿಜ್ಞಾನಿ ಗಾಳಿ ಸುರಂಗದಲ್ಲಿ ಚೆಂಡಿಟ್ಟು ಇದನ್ನೆಲ್ಲ ಅಳೆದವರು. ಸೀಮ್ ಸುಮಾರು 20 ಡಿಗ್ರಿ ಓರೆ, ಸೆಕೆಂಡಿಗೆ ಸುಮಾರು 11 ಸುತ್ತು ಹಿಂದಕ್ಕೆ ತಿರುಗುವ ಸ್ಪಿನ್, ಗಂಟೆಗೆ ಸುಮಾರು 110 ಕಿಲೋಮೀಟರ್ ವೇಗ. ಹೊಸ ಚೆಂಡು ಎಲ್ಲಕ್ಕಿಂತ ಚೆನ್ನಾಗಿ ಸ್ವಿಂಗ್ ಆಗುವುದು ಅಲ್ಲೇ ಅಂತ ಇಂಥ ಪ್ರಯೋಗಗಳು ಹೇಳುತ್ತವೆ.

110 ಕಿಲೋಮೀಟರ್! ಅದನ್ನು ನಿಮ್ಮಪ್ಪನಿಗೂ ಓದಿ ಹೇಳು. 140ರಲ್ಲಿ ಎಸೆಯುವವನಿಗಿಂತ ನಿನ್ನಂಥ ಹುಡುಗನ ಹೊಸ ಚೆಂಡು ಹೆಚ್ಚು ತಿರುಗಬಹುದು. ತಿರುಗದಿದ್ದರೆ ತಪ್ಪಿರುವುದು ಬೆರಳಲ್ಲಿ, ಇಲ್ಲ ಒರೆಸಿದ್ದರಲ್ಲಿ.

ಚೆಂಡಿಗೆ ಬೆರಳು, ಮೈ ಎರಡೂ ಎಷ್ಟು ಮುಖ್ಯ ಅಂತ ಇನ್ನೊಂದು ಆಟವೂ ನನಗೆ ಕಲಿಸಿತು. ಹೋದ ಸಲ ಬೆಂಗಳೂರಿಗೆ ಹೋದಾಗ ನಿಮ್ಮಕ್ಕ ನನ್ನನ್ನು ಒಂದು ಮಾಲಿಗೆ ಕರೆದುಕೊಂಡು ಹೋಗಿ ಹತ್ತು ಪಿನ್ ಉರುಳಿಸುವ ಬೌಲಿಂಗ್ ತೋರಿಸಿದಳು. ಆ ಚೆಂಡಿಗೆ ಮೂರು ತೂತು. ಸುಮ್ಮನೆ ಬೆರಳು ತೂರಿಸಲು ಅಂದುಕೊಂಡಿದ್ದೆ. ಅಲ್ಲಿದ್ದ ಒಬ್ಬ ಒಳ್ಳೆಯ ಆಟಗಾರ ವಿವರಿಸಿದ ಮೇಲೆ ತಿಳಿಯಿತು, ಆ ಚೆಂಡಿನ ಒಳಗೆ ಒಂದು ಭಾರದ ಗಟ್ಟಿ ಇರುತ್ತದೆ, ತೂತನ್ನು ಅದರಿಂದ ಎಷ್ಟು ದೂರದಲ್ಲಿ, ಯಾವ ಕೋನದಲ್ಲಿ ಕೊರೆಯುತ್ತಾರೆ ಅನ್ನುವುದರ ಮೇಲೆ ಚೆಂಡು ಯಾವಾಗ ತಿರುವು ಹಿಡಿಯುತ್ತದೆ ಅನ್ನುವುದು ನಿಂತಿದೆ. 60 ಅಡಿಯ ಹಲಗೆ ಹಾದಿ, ಅದರ ಮುಂಭಾಗಕ್ಕೆ ಎಣ್ಣೆ ಬಳಿದಿರುತ್ತಾರೆ. ಚೆಂಡಿನ ಮೈಯನ್ನು 500ನೆಯ ನಂಬರಿನ ಒರಟು ಪ್ಯಾಡಿನಲ್ಲಿ ಉಜ್ಜಿದರೆ ಎಣ್ಣೆಯಲ್ಲೂ ಬೇಗ ಹಿಡಿತ ಸಿಕ್ಕಿ ಮೊದಲೇ ತಿರುಗುತ್ತದೆ. 4000ದಲ್ಲಿ ನಯ ಮಾಡಿ ಪಾಲಿಷ್ ಕೊಟ್ಟರೆ ಜಾರುತ್ತ ಹೋಗಿ, ಕೊನೆಯಲ್ಲಿ ಥಟ್ಟನೆ ಒಳಕ್ಕೆ ಹೊರಳುತ್ತದೆ. 1973ರಲ್ಲಿ ಅಮೆರಿಕದ ಡಾನ್ ಮೆಕ್ಯೂನ್ ಎಂಬ ಆಟಗಾರ ಪ್ಲಾಸ್ಟಿಕ್ ಚೆಂಡನ್ನು ರಾಸಾಯನಿಕದಲ್ಲಿ ನೆನೆಹಾಕಿ ಮೈ ಮೆತ್ತಗೆ ಮಾಡಿಕೊಂಡು ಒಂದೇ ವರ್ಷ ಆರು ಪ್ರಶಸ್ತಿ ಗೆದ್ದ. ಆಮೇಲೆ ಚೆಂಡು ಇಂತಿಷ್ಟು ಗಟ್ಟಿ ಇರಲೇಬೇಕು ಅಂತ ನಿಯಮ ಬಂತು. ತೂಕ ಸರಿದೂಗಿಸುವ ನೆಪದಲ್ಲಿ ಕೊರೆಯುತ್ತಿದ್ದ ಹೆಚ್ಚುವರಿ ತೂತನ್ನೂ 2020ರ ಆಗಸ್ಟಿನಿಂದ ಅಮೆರಿಕದ ಬೌಲಿಂಗ್ ಸಂಸ್ಥೆ ನಿಲ್ಲಿಸಿತು.

ಅಲ್ಲಿ ಚೆಂಡನ್ನು ಕೈಗೆ ಹೊಂದಿಸಿಕೊಳ್ಳುತ್ತಾರೆ. ಪ್ರತಿ ಆಟಗಾರನಿಗೂ ತನ್ನದೇ ಚೆಂಡು, ತನ್ನ ಬೆರಳಳತೆಯ ತೂತು. ನಿನಗೆ ಆ ಸೌಭಾಗ್ಯವಿಲ್ಲ. ಕ್ರಿಕೆಟ್ಟಿನಲ್ಲಿ ಹನ್ನೊಂದು ಜನಕ್ಕೂ ಒಂದೇ ಚೆಂಡು, ಕೊರೆಯುವ ಹಾಗಿಲ್ಲ, ಉಜ್ಜುವ ಹಾಗಿಲ್ಲ, ಕೈಯನ್ನೇ ಅದಕ್ಕೆ ಹೊಂದಿಸಬೇಕು. ತೋರುಬೆರಳು, ನಡುಬೆರಳು ಸೀಮಿನ ಎರಡು ಪಕ್ಕ, ನಡುವೆ ಸಣ್ಣ ಸಂದು. ಹೆಬ್ಬೆರಳು ಕೆಳಗೆ, ಸೀಮಿನ ಮೇಲೆಯೇ. ಚೆಂಡನ್ನು ಅಂಗೈಗೆ ಒತ್ತಿ ಹಿಡಿಯಬೇಡ, ಬೆಳಕು ಕಾಣುವಷ್ಟು ಜಾಗ ಬಿಡು. ಮಣಿಕಟ್ಟು ಚೆಂಡಿನ ಹಿಂದೆ ನೆಟ್ಟಗಿರಲಿ. ಬಿಡುವಾಗ ಎರಡು ಬೆರಳೂ ಸೀಮನ್ನು ಕೆಳಕ್ಕೆ ಎಳೆದಂತೆ ಜಾರಬೇಕು, ಆಗಲೇ ಹಿಂದಕ್ಕೆ ಸುತ್ತುವ ಸ್ಪಿನ್ ಬರುವುದು, ಆ ಸ್ಪಿನ್ನೇ ಸೀಮನ್ನು ಗಾಳಿಯಲ್ಲಿ ಅಲುಗಾಡದಂತೆ ಹಿಡಿಯುವುದು. ಬಲಗೈ ಬ್ಯಾಟ್ಸ್‌ಮನ್ನಿಗೆ ಔಟ್‌ಸ್ವಿಂಗ್ ಬೇಕಾದರೆ ಸೀಮ್ ಫಸ್ಟ್ ಸ್ಲಿಪ್ ಕಡೆಗೆ, ಹೊಳಪು ನಿನ್ನ ಬಲಕ್ಕೆ. ಇನ್‌ಸ್ವಿಂಗಿಗೆ ಸೀಮ್ ಫೈನ್ ಲೆಗ್ ಕಡೆಗೆ, ಹೊಳಪು ಎಡಕ್ಕೆ. ಹೋದ ಸಲ ನೆಟ್ಟಿನಲ್ಲಿ ನೋಡಿದೆ, ನಿನ್ನ ಸೀಮ್ ಗಾಳಿಯಲ್ಲಿ ತೂರಾಡುತ್ತ ಹೋಗುತ್ತದೆ. ಹೆಬ್ಬೆರಳು ಪಕ್ಕಕ್ಕೆ ಸರಿಯುತ್ತಿದೆ, ಅದಕ್ಕೇ. ಅದನ್ನು ಸರಿಮಾಡುವ ತನಕ ಹೊಳಪಿನ ವಿದ್ಯೆಯೆಲ್ಲ ದಂಡ.

ಹೊಳಪು ಕಾಯುವುದು ಬೌಲರ್ ಒಬ್ಬನ ಕೆಲಸವಲ್ಲ. ನಮ್ಮ ಹುಡುಗರಿಗೆ ನಾನು ತಿಳಿಹೇಳಿ ಸೋತದ್ದು ಈ ಮಾತಿನಲ್ಲೇ. ಚೆಂಡು ಕೀಪರಿನಿಂದ ಸ್ಲಿಪ್ಪಿಗೆ, ಅಲ್ಲಿಂದ ಪಾಯಿಂಟಿಗೆ, ಮಿಡ್ ಆಫಿಗೆ ಹೋಗಿ ನಿನ್ನ ಕೈಗೆ ಬರುವಷ್ಟರಲ್ಲಿ ನಾಲ್ಕೈದು ಅಂಗೈ ದಾಟಿರುತ್ತದೆ. ಅದರಲ್ಲಿ ಒಂದು ಬೆವೆತ ಅಂಗೈ ಒರಟು ಕಡೆಯನ್ನು ಒದ್ದೆ ಮಾಡಿದರೆ ಮಿಕ್ಕವರ ಶ್ರಮ ನೀರಿಗೆ ಹೋಯಿತು. ಒರಟು ಕಡೆ ಒಣಗಿರಬೇಕು, ಹೊಳಪಿನ ಕಡೆಗೆ ಮಾತ್ರ ಬೆವರು. ಒಳ್ಳೆಯ ತಂಡಗಳಲ್ಲಿ ಒರೆಸುವ ಕೆಲಸವನ್ನು ಒಬ್ಬಿಬ್ಬರಿಗೇ ವಹಿಸಿರುತ್ತಾರೆ, ಉಳಿದವರು ಚೆಂಡನ್ನು ಸೀಮಿನ ಮೇಲೆ ಬೆರಳ ತುದಿಯಲ್ಲಿ ಹಿಡಿದು ದಾಟಿಸುತ್ತಾರೆ. ಒರೆಸುವವನು ತೊಡೆಯ ಮೇಲೆ ಒಂದೇ ಜಾಗದಲ್ಲಿ ಒತ್ತಿ, ಬಿಸಿಯಾಗುವಂತೆ ಉಜ್ಜಬೇಕು. ಆ ಬಿಸಿಗೆ ಚರ್ಮದೊಳಗಿನ ಜಿಡ್ಡು ಮೇಲಕ್ಕೆ ಬಂದು ಗೀರುಗಳನ್ನು ತುಂಬುತ್ತದೆ. ಟಿವಿಯಲ್ಲಿ ನೋಡಿದ ಹಾಗೆ ಸುಮ್ಮನೆ ಮೇಲೆ ಮೇಲೆ ಸವರಿದರೆ ಪ್ಯಾಂಟ್ ಕೆಂಪಾಗುತ್ತದೆ, ಅಷ್ಟೇ.

ಎಂಜಲು ಹಚ್ಚಬೇಡ. ಕೊರೊನಾ ಕಾಲದಲ್ಲಿ, 2020ರ ಜೂನಿನಲ್ಲಿ, ಐಸಿಸಿ ಅದನ್ನು ನಿಲ್ಲಿಸಿತು, 2022ರ ಅಕ್ಟೋಬರಿನಿಂದ ಅದು ಕಾಯಂ ನಿಯಮ. 2025ರ ಐಪಿಎಲ್‌ನಲ್ಲಿ ಅನುಮತಿ ಕೊಟ್ಟರು ಅಂತ ನೀನು ವಾದಿಸಬಹುದು. ನಿನ್ನ ಆಯ್ಕೆ ಪಂದ್ಯ ಐಪಿಎಲ್ ಅಲ್ಲ. ಬೆವರಿಗೆ ನಮ್ಮೂರ ಬಿಸಿಲಿನಲ್ಲಿ ಬರವಿಲ್ಲ, ಹಣೆ, ಕುತ್ತಿಗೆಯ ಹಿಂಭಾಗ ಸಾಕು. ಒಂದು ವಿಷಯ ಮಾತ್ರ ನೆನಪಿಡು: ಪಂದ್ಯದ ದಿನ ತಲೆಗೆ ಕೊಬ್ಬರಿ ಎಣ್ಣೆ ಬೇಡ. ಅಜ್ಜಿ ಬೈದರೂ ಪರವಾಗಿಲ್ಲ. ಬೆವರಿನ ಜೊತೆ ಎಣ್ಣೆಯೂ ಇಳಿದು ಚೆಂಡಿಗೆ ಹತ್ತಿದರೆ ಅದು ಹೊರಗಿನ ಪದಾರ್ಥವೇ, ಅಂಪೈರ್ ಕೇಳಿದರೆ ಉತ್ತರವಿಲ್ಲ.

ನಮ್ಮಲ್ಲಿ ಚೆಂಡು ಬೇಗ ಹಳೆಯದಾಗುತ್ತದೆ. ನೆಲದಲ್ಲಿ ಹುಲ್ಲಿಗಿಂತ ಗರಸು ಹೆಚ್ಚು, ಪಿಚ್ಚಿನ ಮೇಲೆ ಮ್ಯಾಟು. ಬೌಂಡರಿಗೆ ಹೋಗಿ ಬಂದ ಚೆಂಡು ನೋಡಿದ್ದೀಯಲ್ಲ, ಗೀರು ಗೀರಾಗಿ ಮೇಲಿನ ಬಣ್ಣವೇ ಎದ್ದುಬಂದಿರುತ್ತದೆ. ಬೆಂಗಳೂರಿನ ಹಸಿರು ಮೈದಾನದಲ್ಲಿ ಅಷ್ಟು ಹಾಳಾಗಲು ಎಷ್ಟೋ ಹೆಚ್ಚು ಓವರ್ ಬೇಕು. ಹುಡುಗರು ಇದನ್ನು ನಮ್ಮ ದುರದೃಷ್ಟ ಅಂತಾರೆ. ನಾನು ಒಪ್ಪುವುದಿಲ್ಲ. ರಿವರ್ಸ್ ಸ್ವಿಂಗ್ ಅನ್ನು ಜಗತ್ತಿಗೆ ತೋರಿಸಿದ್ದು ಪಾಕಿಸ್ತಾನದ ಸರ್ಫರಾಜ್ ನವಾಜ್, ಇಮ್ರಾನ್ ಖಾನ್ ಮುಂತಾದವರು. ಅಲ್ಲಿಯ ಒಣ, ಗಟ್ಟಿ ಮೈದಾನಗಳೇ ಅವರ ಪಾಠಶಾಲೆ. ವೇಗ ತುಂಬ ಹೆಚ್ಚಾದರೆ, ಇಲ್ಲವೇ ಮುಂದೆ ತಿರುಗಿದ ಕಡೆ ತುಂಬ ಒರಟಾದರೆ, ಗಾಳಿಯ ಪದರ ಸೀಮಿಗೆ ಮುಟ್ಟುವ ಮೊದಲೇ ಕಲಕಿಹೋಗುತ್ತದೆ. ಆಗ ಸೀಮ್ ಅದಕ್ಕೆ ನೆರವಾಗುವ ಬದಲು ಅಡ್ಡಬಂದು, ಆ ಕಡೆಯೇ ಗಾಳಿ ಬೇಗ ಬಿಟ್ಟುಕೊಳ್ಳುತ್ತದೆ, ಚೆಂಡು ಸೀಮಿಗೆ ವಿರುದ್ಧ ದಿಕ್ಕಿಗೆ ಹೋಗುತ್ತದೆ. ಹೊಸ ಚೆಂಡಿನಲ್ಲಿ ಇದಕ್ಕೆ 140 ಕಿಲೋಮೀಟರಿನ ಆಸುಪಾಸಿನ ವೇಗ ಬೇಕು. ಒರಟಾದಷ್ಟೂ ಕಡಿಮೆ ವೇಗ ಸಾಕು.

ನಿನಗೆ ಸದ್ಯಕ್ಕೆ ಅದು ಬೇಡ, ಅದಕ್ಕಿಂತ ಸುಲಭದ್ದು ಒಂದಿದೆ. ಅದರ ಬಗ್ಗೆ ಹೆಚ್ಚು ಜನ ಮಾತಾಡುವುದಿಲ್ಲ. ಚೆಂಡಿನ ಒಂದು ಕಡೆ ಚೆನ್ನಾಗಿ ಒರಟಾಗಿ, ಇನ್ನೊಂದು ಕಡೆ ನಯವಾಗಿ ಉಳಿದಿದ್ದರೆ ಸೀಮನ್ನು ಓರೆ ಮಾಡಲೇಬೇಡ, ನೆಟ್ಟಗೆ ಬ್ಯಾಟ್ಸ್‌ಮನ್ ಕಡೆಗೆ ಹಿಡಿದು ಹಾಕು. ನಿನ್ನ ವೇಗದಲ್ಲಿ ಅದು ಒರಟು ಕಡೆಗೆ ತಿರುಗುತ್ತದೆ. ಅಲ್ಲಿ ಗಾಳಿಯನ್ನು ಕಲಕುವ ಕೆಲಸ ಸೀಮಿನದಲ್ಲ, ಒರಟು ಚರ್ಮದ್ದು. ಸೀಮ್ ನೆಟ್ಟಗಿರುವುದರಿಂದ ಬ್ಯಾಟ್ಸ್‌ಮನ್ನಿಗೆ ಗುಟ್ಟು ತಿಳಿಯುವುದಿಲ್ಲ. ಜೋರಾಗಿ ಎಸೆಯುವವನಿಗೆ ಇದೇ ಚೆಂಡು ಹೊಳಪಿನ ಕಡೆಗೆ ಹೋಗುತ್ತದೆ, ಹಾಗಾಗಿ ಸೀನಿಯರ್ ತಂಡದ ಅಣ್ಣಂದಿರು ನಿನಗೆ ತಿರುಗಾಮುರುಗಾ ಹೇಳಿಕೊಟ್ಟರೆ ಜಗಳ ಆಡಬೇಡ, ಅವರ ವೇಗಕ್ಕೆ ಅವರು ಹೇಳುವುದು ಸರಿ. ನಿನ್ನ ವೇಗಕ್ಕೆ ನಾನು ಹೇಳಿದ್ದನ್ನು ಮಾಡು. ಇನ್ನೊಂದು: ಮೋಡ ಕವಿದರೆ ಚೆಂಡು ತೇವ ಕುಡಿದು ಉಬ್ಬಿ ಸ್ವಿಂಗ್ ಆಗುತ್ತದೆ ಅನ್ನುವ ಮಾತನ್ನು ಪ್ರಯೋಗಶಾಲೆಗಳು ಈವರೆಗೆ ಒಪ್ಪಿಲ್ಲ. ಮೋಡ ನೋಡಿ ಹಿಗ್ಗಬೇಡ, ಬಿಸಿಲು ನೋಡಿ ಕುಗ್ಗಬೇಡ. ಆಷಾಢದ ಗಾಳಿಯನ್ನು ಮಾತ್ರ ಗಮನಿಸು, ಎದುರುಗಾಳಿಗೆ ಎಸೆಯಲು ನೀನೇ ಕೇಳಿಕೊ, ಬೇರೆ ಯಾರಿಗೂ ಅದು ಬೇಕಿರುವುದಿಲ್ಲ.

ಒರಟು ಕಡೆ ತಾನಾಗಿ ಆಗಲಿ. ಇದನ್ನು ಯಾಕೆ ಹೇಳುತ್ತೇನೆ ಅಂದರೆ ಹುಡುಗರಿಗೆ ಕೈ ತುರಿಸುತ್ತದೆ. ಪ್ಯಾಂಟಿನ ಜಿಪ್ಪು, ಸೋಡಾ ಬಾಟಲಿಯ ಮುಚ್ಚಳ, ಉಗುರು, ಎಲ್ಲವನ್ನೂ ಕಂಡಿದ್ದೇನೆ. 1990ರಲ್ಲಿ ಫೈಸಲಾಬಾದಿನಲ್ಲಿ ಬಾಟಲಿ ಮುಚ್ಚಳದಿಂದ ಚೆಂಡು ಕೆರೆದು ಒಂದೇ ಟೆಸ್ಟಿನಲ್ಲಿ 11 ವಿಕೆಟ್ ತೆಗೆದದ್ದನ್ನು ನ್ಯೂಜಿಲೆಂಡಿನ ಕ್ರಿಸ್ ಪ್ರಿಂಗಲ್ ಆಮೇಲೆ ತಾನೇ ಒಪ್ಪಿಕೊಂಡ. 2018ರ ಮಾರ್ಚಿನಲ್ಲಿ ಕೇಪ್‌ಟೌನಿನಲ್ಲಿ ಮರಳು ಕಾಗದ ಹಿಡಿದ ಆಸ್ಟ್ರೇಲಿಯಾದ ಬ್ಯಾಂಕ್ರಾಫ್ಟ್‌ಗೆ ಒಂಬತ್ತು ತಿಂಗಳು, ಸ್ಮಿತ್, ವಾರ್ನರ್ ಇಬ್ಬರಿಗೂ ಒಂದೊಂದು ವರ್ಷ ನಿಷೇಧ. ನಮ್ಮ ದ್ರಾವಿಡ್ ಅವರಿಗೂ 2004ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ದಂಡ ಬಿತ್ತು. ಬಾಯಲ್ಲಿದ್ದ ಪೆಪ್ಪರಮೆಂಟಿನಂಥ ಗುಳಿಗೆಯ ಅಂಟು ಚೆಂಡಿಗೆ ಹತ್ತಿದ್ದು ಕ್ಯಾಮೆರಾದಲ್ಲಿ ಕಂಡಿತು, ಪಂದ್ಯದ ಸಂಭಾವನೆಯಲ್ಲಿ ಅರ್ಧ ಹೋಯಿತು. ಬೇಕಂತಲೇ ಮಾಡುವ ಮನುಷ್ಯ ಅವರಲ್ಲ ಅಂತ ನಾನು ನಂಬಿದ್ದೇನೆ, ಆದರೆ ನಿಯಮ ಮನಸ್ಸು ನೋಡುವುದಿಲ್ಲ, ಚೆಂಡು ನೋಡುತ್ತದೆ. ಪಂದ್ಯದಲ್ಲಿ ಬಾಯಿಗೆ ಏನನ್ನೂ ಹಾಕಿಕೊಳ್ಳಬೇಡ. ಚೆಂಡಿಗೆ ಮಣ್ಣು ಹತ್ತಿದರೆ ಅಂಪೈರಿಗೆ ತೋರಿಸಿ ಅವರೆದುರೇ ತೆಗೆ. ಒದ್ದೆಯಾದರೆ ಟವೆಲ್ಲಿನಲ್ಲಿ ಒರೆಸು, ಅದಕ್ಕೆ ಅಡ್ಡಿಯಿಲ್ಲ. ಮೀರಿದರೆ ಎದುರಾಳಿಗೆ ಐದು ರನ್ ಬಿಟ್ಟಿ.

ಏನು ಮಾಡಿದರೂ ತಿರುಗದ ದಿನವೂ ಬರುತ್ತದೆ. ಸೀಮ್ ಅಮರಿ, ಎರಡು ಕಡೆಯೂ ಒಂದೇ ರೀತಿ ಸವೆದು, ಚೆಂಡು ಸತ್ತಂತಾಗಿರುತ್ತದೆ. ಆಗ ಗಾಳಿಯನ್ನು ಮರೆತು ನೆಲವನ್ನು ನಂಬು. ವೆಂಕಟೇಶ್ ಪ್ರಸಾದ್ ಅವರ ಲೆಗ್ ಕಟರ್ ವಿಡಿಯೋ ಹುಡುಕಿ ನೋಡು. ಪಾಕಿಸ್ತಾನದ ಬ್ಯಾಟ್ಸ್‌ಮನ್ ಸೋಹೇಲ್ ಅವರ ಸ್ಟಂಪನ್ನು ಅವರು ಹಾರಿಸಿದ್ದನ್ನು ಸಾವಿರ ಸಲ ನೋಡಿರುತ್ತೀಯ, ಅದು ಸಾಕು. 1999ರಲ್ಲಿ ಚೆನ್ನೈಯಲ್ಲಿ ಪಾಕಿಸ್ತಾನದ ಮೇಲೆ 33ಕ್ಕೆ 6 ವಿಕೆಟ್ ತೆಗೆದ ಸ್ಪೆಲ್ ನೋಡು. ಬೆರಳು ಚೆಂಡಿನ ಬದಿಯನ್ನು ಹೇಗೆ ಕೊಯ್ದು ಇಳಿಯುತ್ತದೆ ಅನ್ನುವುದನ್ನು ನಿಧಾನಗತಿಯಲ್ಲಿ ನೋಡು. ಮ್ಯಾಟಿನ ಮೇಲೆ ಕಟರ್ ಚೆನ್ನಾಗಿ ಕಚ್ಚುತ್ತದೆ.

ಆಯ್ಕೆಗೆ ಇನ್ನೂ ಸಮಯವಿದೆ. ಅಲ್ಲಿಯ ತನಕ ಲೆದರ್ ಬಾಲಿಗೆ ದುಡ್ಡು ಸುರಿಯಬೇಡ ಅಂತ ನಿಮ್ಮಪ್ಪನಿಗೆ ಹೇಳು. ಒಂದು ಟೆನಿಸ್ ಬಾಲ್ ತಗೊಂಡು, ಎಲೆಕ್ಟ್ರಿಷಿಯನ್ ಟೇಪನ್ನು ಅರ್ಧ ಚೆಂಡಿಗೆ ಮಾತ್ರ ಸುಕ್ಕಿಲ್ಲದಂತೆ ಸುತ್ತು. ಇನ್ನರ್ಧ ಜುಂಜಾಗಿಯೇ ಇರಲಿ. ಟೇಪಿನ ಅಂಚು ಸೀಮಿನ ಜಾಗದಲ್ಲಿ ಬರುವಂತೆ ಹಿಡಿದು, ಮೊದಲು ನಿಧಾನವಾಗಿ, ಆಮೇಲೆ ಸ್ವಲ್ಪ ಜೋರಾಗಿ, ಆಮೇಲೆ ಕೈಲಾದಷ್ಟು ಜೋರಾಗಿ ಹಾಕು. ಟೇಪಿನ ಕಡೆಗೆ ಹೋಯಿತೋ ಜುಂಜಿನ ಕಡೆಗೋ, ಎಷ್ಟು ಜೋರಿಗೆ ಬದಲಾಯಿತು, ಬದಲಾಗಲೇ ಇಲ್ಲವೋ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ನಾನು ಮೊದಲೇ ಹೇಳುವುದಿಲ್ಲ. ಬರುವ ಭಾನುವಾರ ನೋಟ್‌ಬುಕ್ ಹಿಡಿದುಕೊಂಡು ಬಾ, ಟೇಪೂ ಇರಲಿ.

ಇಂತಿ,
ನಿನ್ನ ದೊಡ್ಡಪ್ಪ